ಸೀಟಿ ಊದಿದ ಮೇಲೆ ಉಲ್ಲಾಸ್ ಹೊಸಮನಿ

ಆರು ಸೀಸನ್ನು, ಐವತ್ತೊಂಬತ್ತು ಪಂದ್ಯ, ಹಿಡಿದ ಚೆಂಡು ಎಪ್ಪತ್ತಮೂರು. ಉಲ್ಲಾಸ್ ಹೊಸಮನಿಯ ಬಗ್ಗೆ ದಾಖಲೆಯಲ್ಲಿ ಇರುವುದು ಇಷ್ಟು. ಏಟು ತಿಂದದ್ದು ಎಷ್ಟು ಸಲ ಎಂದು ಬರೆಯಲು ಆ ಪುಸ್ತಕದಲ್ಲಿ ಕಾಲಂ ಇಲ್ಲ.

ಅವನು ಅಮೆರಿಕನ್ ಫುಟ್‌ಬಾಲಿನ ಟೈಟ್ ಎಂಡ್. ಈ ಆಟ ನೋಡದವರಿಗೆ ಹೇಳುತ್ತೇನೆ: ಎರಡು ತಂಡದ ದಾಂಡಿಗರು ಎದುರುಬದುರಾಗಿ ಬಗ್ಗಿ ಗೋಡೆ ಕಟ್ಟಿಕೊಂಡು ನಿಲ್ಲುತ್ತಾರಲ್ಲ, ಆ ಗೋಡೆಯ ತುದಿಯ ಕಲ್ಲು ಇವನು. ಹತ್ತರಲ್ಲಿ ಎಂಟು ಸಲ ಇವನ ಕೆಲಸ, ನುಗ್ಗಿ ಬರುವ ನೂರಮೂವತ್ತು ಕಿಲೋ ಆಸಾಮಿಗೆ ಹೆಗಲು ಕೊಟ್ಟು ತಡೆಯುವುದು. ಉಳಿದ ಎರಡು ಸಲ ಗೋಡೆಯಿಂದ ಕಳಚಿಕೊಂಡು ಓಡಿ, ಬೆನ್ನ ಹಿಂದೆ ಯಾರು ಬರುತ್ತಿದ್ದಾರೆಂದು ನೋಡದೆ ಚೆಂಡು ಹಿಡಿಯುವುದು. ನೋಡಿದರೆ ಚೆಂಡು ತಪ್ಪುತ್ತದೆ. ಅರ್ಧ ಪೈಲ್ವಾನ, ಅರ್ಧ ಓಟಗಾರ. ಏಟು ಮಾತ್ರ ಎರಡೂ ಕಡೆಯದು ಪೂರ್ತಿ.

ದೊಡ್ಡ ಲೀಗಿನಲ್ಲಿ ಅವನಿಗೆ ಜಾಗ ಸಿಗಲಿಲ್ಲ. ಆ ಲೀಗಿನ ಬಾಗಿಲಲ್ಲಿ ಕಾಯುತ್ತ ನಿಂತವರಿಗೆಂದೇ ನಾಲ್ಕಾರು ಎಣ್ಣೆ ಸಾಹುಕಾರರು ಸೇರಿ ಏಪ್ರಿಲ್‌ನಿಂದ ಜುಲೈವರೆಗೆ, ಟೆಕ್ಸಾಸಿನ ಸುಡುಬಿಸಿಲಲ್ಲಿ, ಒಂದು ಲೀಗ್ ನಡೆಸುತ್ತಿದ್ದರು. ಈಗ ಅದು ಮುಚ್ಚಿಹೋಗಿದೆ. ಅದರಲ್ಲಿ ಹ್ಯೂಸ್ಟನ್ ಡ್ರೆಜರ್ಸ್ ಎಂಬ ತಂಡ. ಹಡಗಿನ ಕಾಲುವೆಯ ಹೂಳೆತ್ತುವವರ ಹೆಸರು. ೧೯೯೮ರಲ್ಲಿ ಉಲ್ಲಾಸ್ ಅಲ್ಲಿಗೆ ಸೇರಿದ. ಅಂಗಿಯ ಮೇಲಿನ ನಂಬರು ಎಂಬತ್ತೇಳು.

ಅವನ ಅಪ್ಪ ಮಹಾಬಲೇಶ್ವರ ಹೊಸಮನಿ ಬೈಲಹೊಂಗಲದವರು. ಆ ಕಾಲುವೆ ಪಕ್ಕದ ರಿಫೈನರಿಯಲ್ಲೇ ಇಪ್ಪತ್ತು ವರ್ಷ ಪೈಪುಗಳ ಬಿರುಕು ಹುಡುಕುವ ಕೆಲಸ ಮಾಡಿ, ಮಗ ತಂಡ ಸೇರುವ ಹಿಂದಿನ ವರ್ಷ ಹೃದಯ ನಿಂತು ಹೋದರು. ಮನೆತನದಲ್ಲಿ ಗರಡಿ ಇತ್ತು. ಹದಿನಾರಕ್ಕೇ ಆರಡಿ ನಾಲ್ಕಿಂಚು ಬೆಳೆದು ನಿಂತ ಮಗನನ್ನು ಕಂಡು, 'ಇದು ನಮ್ಮಜ್ಜನ ಬೆನ್ನು' ಎನ್ನುತ್ತಿದ್ದರಂತೆ. ಉಳಿದವರು ತಾಯಿ ಸುಮಿತ್ರವ್ವ, ಆಸ್ಟಿನ್ನಿನಲ್ಲಿ ಓದುತ್ತಿದ್ದ ತಂಗಿ ಹರ್ಷಿಣಿ. ಮನೆ ಶುಗರ್‌ಲ್ಯಾಂಡಿನಲ್ಲಿ. ತಾಯಿ ಕನ್ನಡದಲ್ಲಿ ಕೇಳಿದರೆ ಮಗ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದ. 'ಅವ್ವಾ' ಎಂಬುದೊಂದನ್ನು ಬಿಟ್ಟು.

ಈ ಕತೆ ನನಗೆ ಗೊತ್ತಾದದ್ದು ಹಯಗ್ರೀವನಿಂದ. ಹಯಗ್ರೀವ ಮೈಸೂರಿನ ಮದುವೆ ವಿಡಿಯೋದವನು. ಹೆಗಲ ಮೇಲೆ ದಪ್ಪ ಪ್ಯಾನಸಾನಿಕ್ ಹೊತ್ತು ಛತ್ರದಿಂದ ಛತ್ರಕ್ಕೆ ಓಡಾಡಿಕೊಂಡಿದ್ದವನು. ೧೯೯೬ರಲ್ಲಿ ಭಾವನ ಜೊತೆ ಹ್ಯೂಸ್ಟನ್‌ಗೆ ಬಂದು, ಹಿಲ್‌ಕ್ರಾಫ್ಟಿನ ಸೀರೆ ಅಂಗಡಿಯ ಮಹಡಿಯಲ್ಲಿ ಅದೇ ಕೆಲಸ ಹಿಡಿದ. ಒಂದು ಗುಜರಾತಿ ಮದುವೆಯಲ್ಲಿ ಏಣಿಯ ಮೇಲೆ ಮೂರು ಗಂಟೆ ಕ್ಯಾಮೆರಾ ಇಳಿಸದೆ ನಿಂತದ್ದನ್ನು ಅತಿಥಿಯಾಗಿ ಬಂದಿದ್ದ ಡ್ರೆಜರ್ಸ್ ಮಾಲೀಕ ನೋಡಿದ. ಅಗ್ಗಕ್ಕೆ ಸಿಗುವ, ಬಿಸಿಲು ತಡೆಯುವ ಮನುಷ್ಯ. ಉಲ್ಲಾಸ್ ಸೇರಿದ ವರ್ಷವೇ, ಒಂದು ಸೋಮವಾರದಿಂದ ಹಯಗ್ರೀವ ತಂಡದ ಕ್ಯಾಮೆರಾದವನಾದ. ಗ್ರೀನ್ ಕಾರ್ಡಿಗೂ ತಂಡವೇ ಅರ್ಜಿ ಹಾಕಿತು.

ಅವನ ಜಾಗ ಮೈದಾನದ ತುದಿಯ ಕಬ್ಬಿಣದ ಗೋಪುರ. ಮೊದಲ ದಿನವೇ ಬೈಸಿಕೊಂಡ. ಮದುವೆ ವಿಡಿಯೋದವನು ಕ್ಯಾಮೆರಾ ನಿಲ್ಲಿಸುವುದಿಲ್ಲ. ಯಾವ ಗಳಿಗೆಗೆ ಮಾಂಗಲ್ಯ ಎತ್ತುತ್ತಾರೋ, ಯಾವ ಗಳಿಗೆಗೆ ಹುಡುಗಿಯ ಅಪ್ಪ ಕಣ್ಣೊರೆಸುತ್ತಾನೋ ಗೊತ್ತಿಲ್ಲವಲ್ಲ. ಇಲ್ಲಿ ಲೆಕ್ಕವೇ ಬೇರೆ. ಚೆಂಡು ಕೈಬಿಡುವ ಕ್ಷಣಕ್ಕೆ ಶುರು, ರೆಫರಿ ಸೀಟಿ ಊದಿದರೆ ನಿಲ್ಲು. ಒಂದೊಂದು ತುಣುಕು ಆರೇಳು ಸೆಕೆಂಡು. ಆಮೇಲೆ ಮುಕ್ಕಾಲು ನಿಮಿಷ ಆಟಗಾರರು ಏಳುತ್ತಾರೆ, ನಡೆಯುತ್ತಾರೆ, ಗುಂಪುಗೂಡಿ ಮಾತಾಡುತ್ತಾರೆ; ಅದು ಕೋಚಿಗೆ ಬೇಡ. ಮೂರು ಗಂಟೆಯ ಪಂದ್ಯದಲ್ಲಿ ಅವರಿಗೆ ಬೇಕಾದದ್ದು ಹನ್ನೆರಡು ನಿಮಿಷ. ಸೋಮವಾರ ಆ ಹನ್ನೆರಡು ನಿಮಿಷವನ್ನು ಹಿಂದೆ ಮುಂದೆ ಓಡಿಸಿ, ಒಬ್ಬೊಬ್ಬನಿಗೂ ಒಂದೊಂದು ತುಣುಕಿಗೂ ಸರಿ, ತಪ್ಪು ಎಂದು ಗುರುತು ಹಾಕಿ, ಕೊನೆಗೆ ನೂರಕ್ಕೆ ಇಷ್ಟು ಎಂದು ಅಂಕ ಕೊಡುತ್ತಾರೆ. ಉಲ್ಲಾಸನಿಗೆ ಯಾವತ್ತೂ ತೊಂಬತ್ತರ ಮೇಲೆ.

ಎರಡನೇ ತಿಂಗಳಲ್ಲಿ ಸುಮಿತ್ರವ್ವ ಹಯಗ್ರೀವನನ್ನು ಮನೆಗೆ ಊಟಕ್ಕೆ ಕರೆದರು. ರೊಟ್ಟಿ ಬಡಿಸುತ್ತ ಕೇಳಿದರು:

"ನಾ ಆಟ ನೋಡಾಕ ಹೋಗೂದಿಲ್ರಿ. ಒಬ್ಬರ ಮ್ಯಾಲ ಒಬ್ಬರು ಬೀಳ್ತಾರ, ಅದರಾಗ ನನ್ನ ಮಗ ಯಾವಾಂವ ಅಂತ ಹುಡುಕೂದ್ರಾಗ ಜೀವ ಹೋಗತೈತಿ. ಮದುವಿ ಟೇಪಿನಾಗ ಮದುಮಗಳ್ನ ಒಬ್ಬಾಕೀನ್ನ ತೋರಸ್ತೀರಲ್ಲ, ಹಂಗ ಇವನ್ನೊಬ್ಬನ್ನ ತೆಗದು ಕೊಡ್ರಿ."

"ಆಟ ನಡೀವಾಗ ನನ್ನ ಕೈಲಿ ಟೀಮ್ ಕ್ಯಾಮೆರಾ ಇರುತ್ತಮ್ಮ. ಸೀಟಿ ಊದಿದ ಮೇಲೆ ಮಾತ್ರ ಕೈ ಖಾಲಿ."

"ಆಟ ಇಲ್ಲದಿದ್ರೂ ನಡೀತೈತ್ರಿ. ಮಾರಿ ಕಂಡ್ರ ಸಾಕು."

ಹೀಗೆ ಆ ವಿಚಿತ್ರ ಟೇಪುಗಳು ಹುಟ್ಟಿದವು. ಸೀಟಿ ಊದಿದ ತಕ್ಷಣ ಹಯಗ್ರೀವ ತಂಡದ ಕ್ಯಾಮೆರಾ ನಿಲ್ಲಿಸಿ, ಪಕ್ಕದಲ್ಲಿಟ್ಟ ತನ್ನ ಹಳೇ ಪ್ಯಾನಸಾನಿಕ್ ಎತ್ತಿಕೊಂಡು ಎಂಬತ್ತೇಳನ್ನು ಹಿಡಿಯುತ್ತಿದ್ದ. ಮತ್ತೆ ಚೆಂಡು ಎದ್ದಾಗ ಬಿಡುತ್ತಿದ್ದ. ತಂಡದ ಟೇಪಿನಲ್ಲಿ ಉಲ್ಲಾಸನ ಆಟ ಮಾತ್ರ. ತಾಯಿಯ ಟೇಪಿನಲ್ಲಿ ಆಟ ಬಿಟ್ಟು ಉಳಿದದ್ದೆಲ್ಲ. ಅವನು ನಡೆಯುತ್ತಾನೆ. ನೀರು ಕುಡಿಯುತ್ತಾನೆ. ಹೆಲ್ಮೆಟ್ಟಿನ ಕಂಬಿಯೊಳಗೆ ನಗುತ್ತಾನೆ. ಮಂಡಿಯ ಹುಲ್ಲು ಕೊಡವುತ್ತಾನೆ. ಸುಮಿತ್ರವ್ವ ಮಧ್ಯಾಹ್ನ ಕರ್ಟನ್ ಎಳೆದುಕೊಂಡು, ತೊಟ್ಟಿಲ ಮಗುವನ್ನು ನೋಡುವ ಹಾಗೆ ಅದನ್ನು ನೋಡುತ್ತಿದ್ದರು. ಎರಡು ವರ್ಷ ಅದರಿಂದ ಯಾರಿಗೂ ಏನೂ ಆಗಲಿಲ್ಲ.

೨೦೦೦ದ ಮೇ ತಿಂಗಳ ಒಂದು ಶನಿವಾರ. ನಾನು ಆ ದಿನದ ಎರಡೂ ಟೇಪುಗಳನ್ನು ನೋಡಿದ್ದೇನೆ. ತಂಡದ್ದರಲ್ಲಿ ಉಲ್ಲಾಸ್ ಗೋಡೆಯಿಂದ ಕಳಚಿಕೊಂಡು ಮೈದಾನದ ನಡುವಿಗೆ ಓಡುತ್ತಾನೆ, ಮೇಲಕ್ಕೆ ನೆಗೆದು ಚೆಂಡು ಹಿಡಿಯುತ್ತಾನೆ, ಇಬ್ಬರು ಎರಡು ಕಡೆಯಿಂದ ಅಪ್ಪಳಿಸುತ್ತಾರೆ, ಹಿಂದಲೆ ನೆಲಕ್ಕೆ ಬಡಿಯುತ್ತದೆ, ಸೀಟಿ. ಚೆಂಡು ಕೈಯಲ್ಲೇ ಇದೆ. ಸರಿ ಎಂಬ ಗುರುತು ಬಿದ್ದಿದೆ.

ತಾಯಿಯ ಟೇಪು ಅಲ್ಲಿಂದ ಶುರುವಾಗುತ್ತದೆ. ಹದಿನೇಳು ಸೆಕೆಂಡು ಅವನು ಅಲುಗುವುದಿಲ್ಲ. ಉಳಿದವರು ಬೆನ್ನು ತಿರುಗಿಸಿ ಗುಂಪಿನ ಕಡೆ ನಡೆಯುತ್ತಿದ್ದಾರೆ. ಯಾರೂ ಕೈ ಕೊಡುವುದಿಲ್ಲ. ಆಮೇಲೆ ತಾನೇ ಏಳುತ್ತಾನೆ, ಮೂರು ಹೆಜ್ಜೆ ಇಡುತ್ತಾನೆ. ನಿಲ್ಲುತ್ತಾನೆ. ಹಿಂದಿರುಗಿ ತಾನು ಬಿದ್ದಿದ್ದ ಜಾಗಕ್ಕೆ ಹೋಗಿ, ಎಡಕ್ಕೆ ಬಗ್ಗಿ, ಬಲಗೈ ಚಾಚುತ್ತಾನೆ. ಯಾರೋ ಆ ಕೈ ಹಿಡಿದ ಹಾಗೆ ಬೆರಳು ಮಡಚಿಕೊಳ್ಳುತ್ತವೆ. ಹಿಮ್ಮಡಿ ಊರಿ ಎಳೆಯುತ್ತಾನೆ. ನಟನೆಯಾದರೆ ಕೈ ಹಗುರಾಗಿ ಬರುತ್ತಿತ್ತು. ಇದು ಹಾಗಲ್ಲ, ಭಾರ ಬಿದ್ದು ಅವನ ಹೆಗಲು ಕೆಳಗೆ ಜಗ್ಗುತ್ತದೆ, ತೊಡೆ ಬಿಗಿಯುತ್ತದೆ. ನೆಲದಿಂದ ಅಷ್ಟು ಎತ್ತರಕ್ಕೆ ಯಾರನ್ನೋ ಎಬ್ಬಿಸಿ ನಿಲ್ಲಿಸಿ, ಗಾಳಿಯ ಬೆನ್ನು ಎರಡು ಸಲ ತಟ್ಟಿ, ಗುಂಪಿಗೆ ಸೇರಿಕೊಳ್ಳುತ್ತಾನೆ. ಮುಂದಿನ ತುಣುಕಿನಲ್ಲಿ ಅವನ ಆಟಕ್ಕೆ ಮತ್ತೆ ಸರಿ ಗುರುತು.

ಆ ದಿನದ ನಂತರ ಪ್ರತಿ ಪಂದ್ಯದಲ್ಲೂ ಎರಡು ಸಲ, ಮೂರು ಸಲ. ಯಾವಾಗಲೂ ಎಡಕ್ಕೆ. ಮುಂದಿನ ವರ್ಷದ ಹೊತ್ತಿಗೆ ಸೀಟಿ ಊದಿದಾಗೆಲ್ಲ. ಜೊತೆಯವರು ಅದನ್ನು ಅವನ ಸ್ಟೈಲ್ ಅಂದುಕೊಂಡರು. ಒಬ್ಬಿಬ್ಬರು ಅಣಕಿಸಿ ನಕ್ಕರು ಕೂಡ. ಸುಮಿತ್ರವ್ವನಿಗೆ ನಗು ಬರಲಿಲ್ಲ.

"ಹಯಗ್ರೀವ ಅವರ, ಇಂವ ಯಾರನ್ನ ಎಬ್ಬಸ್ತಾನ್ರಿ?" ಎಂದು ೨೦೦೧ರ ಬೇಸಿಗೆಯಲ್ಲಿ ಫೋನಿನಲ್ಲಿ ಕೇಳಿದರು.

"ಯಾರನ್ನೂ ಇಲ್ಲಮ್ಮ. ಮೈ ಸಡಿಲ ಮಾಡ್ಕೋತಾನೆ, ಎಕ್ಸರ್ಸೈಜು."

"ಮನ್ಯಾಗೂ ಮಾಡ್ತಾನ. ಊಟದ ಟೇಬಲ್ಲಿಂದ ಎದ್ದು, ಖಾಲಿ ಖುರ್ಚಿ ಕಡೆ. ನಾ ಕೇಳಿದ್ರ 'ವಾಟ್, ಅವ್ವಾ?' ಅಂತಾನ. ಅವಗ ಗೊತ್ತ ಇಲ್ಲ."

"ಸುಸ್ತಾಗಿರ್ತಾನೆ ಬಿಡಿ."

ಹಯಗ್ರೀವನ ಗ್ರೀನ್ ಕಾರ್ಡ್ ಅರ್ಜಿ ಆಗ ನಡುದಾರಿಯಲ್ಲಿತ್ತು. ಅರ್ಜಿ ಹಾಕಿದ ಯಜಮಾನ ಸಿಟ್ಟಾಗಿ ಕೆಲಸದಿಂದ ತೆಗೆದರೆ ಎಲ್ಲ ಮೊದಲಿನಿಂದ. ಇಲ್ಲವೇ ವಾಪಸು ವಿಮಾನ. ಈ ದೇಶದಲ್ಲಿ ನಮ್ಮವರು ಎಷ್ಟು ಜನ ಆ ಒಂದು ಕಾಗದಕ್ಕಾಗಿ ಎಷ್ಟೆಷ್ಟನ್ನು ಕಂಡೂ ಕಾಣದ ಹಾಗೆ ಇದ್ದಾರೆಂದು ಬರೆಯಲು ಹೊರಟರೆ ಈ ಲೇಖನ ಸಾಲದು. ಡಲ್ಲಾಸ್ ಪಕ್ಕದ ಲಾಸ್ ಕೊಲಿನಾಸಿನ ಗಾಜಿನ ಕಟ್ಟಡಗಳಲ್ಲಿ ಕೂತು ಇದನ್ನು ಓದುವವರಿಗೆ ನಾನು ಏನು ಹೇಳುತ್ತಿದ್ದೇನೆಂದು ಗೊತ್ತು.

೨೦೦೨ರಲ್ಲಿ ಮಾಲೀಕ ತಂಡವನ್ನು ಡಲ್ಲಾಸಿಗೆ ಎತ್ತಿಕೊಂಡು ಹೋದ. ಸಮುದ್ರವೇ ಇಲ್ಲದ ಊರಲ್ಲಿ ಹೂಳೆತ್ತುವವರು. ಉಲ್ಲಾಸ್ ಅರ್ವಿಂಗಿನಲ್ಲಿ ಅಪಾರ್ಟ್‌ಮೆಂಟ್ ಹಿಡಿದ. ತಾಯಿ ಶುಗರ್‌ಲ್ಯಾಂಡಿನ ಮನೆಗೆ ಬೀಗ ಹಾಕಿ ಜೊತೆಗೆ ಬಂದರು. ಹಯಗ್ರೀವನೂ ಶಿಫ್ಟ್ ಆದ.

ಆ ವರ್ಷದ ನವೆಂಬರಿನಲ್ಲಿ ಅಲ್ಲಿಯ ಕನ್ನಡದವರಾದ ನಮಗೆ ಉಲ್ಲಾಸ್ ಕಣ್ಣಿಗೆ ಬಿದ್ದ. ರಾಜ್ಯೋತ್ಸವಕ್ಕೆ ಸನ್ಮಾನ. ಶಾಲೆಯೊಂದರ ಆಡಿಟೋರಿಯಂ, ಹಿಂದೆ ಬಾಳೆಲೆ ತಟ್ಟೆ, ಬಿಸಿಬೇಳೆಬಾತಿನ ಸಾಲು. ಆ ಸಾಲಿನಲ್ಲಿ ಕೇಳಿದ ಮಾತು:

"ಅಲ್ಲಾ ಕಣ್ರೀ, ಈ ಹುಡುಗ ಎಷ್ಟು ಗೋಲ್ ಹೊಡ್ದಿದಾನೆ?"

"ಗೋಲ್ ಅಲ್ಲ ಮಾರಾಯ್ರೆ, ಟಚ್‌ಡೌನ್. ಹತ್ತು ವರ್ಷ ಆಯ್ತು ಬಂದು, ಇನ್ನೂ ಗೋಲು."

"ಟಿವೀಲಿ ಒಂದ್ಸಲಾನೂ ನೋಡಿಲ್ವಲ್ಲ ಇವನ್ನ?"

"ಅದಕ್ಕೇ ಸಿಕ್ಕಿರೋದು. ದೊಡ್ಡ ಲೀಗಿನವನಾಗಿದ್ರೆ ನಿಮ್ಮ ಬಿಸಿಬೇಳೆಬಾತಿಗೆ ಬರ್ತಿದ್ನಾ?"

ಕನ್ನಡ ಸಂಘದ ಅಧ್ಯಕ್ಷ ರಾಮಮೂರ್ತಿ ಹಯಗ್ರೀವನಿಂದ ಐದು ನಿಮಿಷದ ವಿಡಿಯೋ ಮಾಡಿಸಿದ್ದರು. 'ಬರೀ ಚೆನ್ನಾಗಿರೋದು ಹಾಕಪ್ಪ, ಬಿದ್ದಿದ್ದು ಎದ್ದಿದ್ದು ಬೇಡ' ಎಂದು ಹೇಳಿ. ಪರದೆಯ ಮೇಲೆ ನಮ್ಮ ಹುಡುಗ ನೆಗೆದು ನೆಗೆದು ಚೆಂಡು ಹಿಡಿದ. ಮಕ್ಕಳು ಶಿಳ್ಳೆ ಹಾಕಿದರು. ವೇದಿಕೆಗೆ ಕರೆದು ಮೈಸೂರು ಪೇಟ ತೊಡಿಸಿದರು. ಆರಡಿ ನಾಲ್ಕಿಂಚಿನವನಿಗೆ ತೊಡಿಸಲು ರಾಮಮೂರ್ತಿ ಕುರ್ಚಿ ಹತ್ತಬೇಕಾಯಿತು, ಎಲ್ಲರೂ ನಕ್ಕರು. ಶಾಲು, ಹಣ್ಣಿನ ಬುಟ್ಟಿ. ಅಷ್ಟರಲ್ಲಿ ಮೈಕು ಕುಂಯ್ಯೆಂದು ಸೀಟಿ ಹಾಕಿತು. ಮೈಕಿನ ದರಿದ್ರ ಎಲ್ಲ ಕಡೆಯೂ ಒಂದೇ.

ಉಲ್ಲಾಸ್ ಬುಟ್ಟಿಯನ್ನು ಕೆಳಗಿಟ್ಟ. ಎಡಕ್ಕೆ ಬಗ್ಗಿ, ವೇದಿಕೆಯ ಹಲಗೆಯವರೆಗೆ ಬಲಗೈ ಚಾಚಿದ.

ಇಡೀ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ವೇದಿಕೆಗೆ ನಮಸ್ಕಾರ ಮಾಡಿದ ಎಂದುಕೊಂಡರು. "ಇಲ್ಲೇ ಹುಟ್ಟಿದ ಹುಡುಗ, ನೋಡಿ ಸಂಸ್ಕಾರ!" ಎಂದು ರಾಮಮೂರ್ತಿ ಮೈಕಿನಲ್ಲಿ ಸಾರಿದರು. ಹಿಂದಿನ ಸಾಲಿನ ಆಂಟಿಯೊಬ್ಬರು ತಮ್ಮ ಮಗನಿಗೆ ಮೊಣಕೈಯಲ್ಲಿ ತಿವಿದು, 'ಕಲಿ' ಎಂದರು. ಆ ಗದ್ದಲದ ನಡುವೆ ಅವನ ಹೆಗಲು ಜಗ್ಗಿತು, ತೊಡೆ ಬಿಗಿಯಿತು, ಯಾರೋ ಎದ್ದು ಬಂದರು. ಅವನು ಅವರ ಬೆನ್ನು ತಟ್ಟಿದ. ಚಪ್ಪಾಳೆ ನಿಲ್ಲಲಿಲ್ಲ. ಚಪ್ಪಾಳೆ ತಟ್ಟದೆ ಕೂತವರು ಮುಂದಿನ ಸಾಲಿನಲ್ಲಿ ಒಬ್ಬರೇ.

ನಾನು ಕೋಚುಗಳ ಮೇಲೆ, ಮಾಲೀಕನ ಮೇಲೆ ಎಷ್ಟು ಬೇಕಾದರೂ ಉಗಿಯಬಲ್ಲೆ. ಮುಂದೆ ಉಗಿಯುತ್ತೇನೆ ಕೂಡ. ಆದರೆ ಅವರು ನೋಡದೆ ಬಿಟ್ಟರು. ನಾವು ನಾನೂರು ಜನ ನೋಡಿ, ಸಂಸ್ಕಾರ ಎಂದೆವು.

ಪಾರ್ಕಿಂಗ್ ಲಾಟಿನ ಬಿಸಿಲಲ್ಲಿ ಸುಮಿತ್ರವ್ವ ಹಯಗ್ರೀವನನ್ನು ತಡೆದು ನಿಲ್ಲಿಸಿದರು. ಉಲ್ಲಾಸ್ ಕಾರಿನಲ್ಲಿ ಪೇಟ ತೊಟ್ಟುಕೊಂಡೇ ಕೂತಿದ್ದ.

"ಇನ್ನೂ ಎಕ್ಸರ್ಸೈಜ್ ಅಂತೀರೇನ್ರಿ?"

"ಅಮ್ಮಾ, ನಾನು ಡಾಕ್ಟರ್ ಅಲ್ಲ. ನಂಗೇನು ಗೊತ್ತಾಗುತ್ತೆ?"

"ಗೊತ್ತೈತಿ. ನಿಮ್ಮ ಟೇಪಿನಾಗ ನನ್ನ ಮಗನ ಸಪ್ಪಳ ಬರೂದಿಲ್ಲ, ಭಾಳ ದೂರ ಇರ್ತಾನ. ಬರೂದು ನಿಮ್ಮ ಉಸಿರು. ನಾಕು ವರ್ಷದಿಂದ ನಿಮ್ಮ ಉಸಿರು ಕೇಳ್ಕೋತ ಕುಂತೀನಿ ನಾ. ಇಂವ ಕೈ ಚಾಚಿದಾಗೆಲ್ಲ ಅದು ನಿಂತು ಹೋಗತೈತಿ. ಪ್ರತಿ ಸಾರಿ. ಇಂವ ಎಬ್ಬಿಸಿ ಬೆನ್ನು ತಟ್ಟಿದ ಮ್ಯಾಲ ಮತ್ತ ಬರತೈತಿ."



"ನೀವು ಮೊದಲನೇ ದಿನಾನ ನೋಡೀರಿ. ನನ್ನ ಮಗನ್ನ ಆ ಮೈದಾನದಿಂದ ಹೊರಗ ತರ್ರಿ. ಅಷ್ಟ ನಾ ಕೇಳೂದು. ತಲಿ ಪೂರಾ ಖಾಲಿ ಆಗೂದ್ರೊಳಗ."

ಇಷ್ಟು ಹೇಳಿಸಿಕೊಂಡ ಮೇಲೂ ಅವನು ಐದು ತಿಂಗಳು ಕಾದ. ಹೌದು, ಕಾದ. ನನಗೆ ಅವನೇ ಹೇಳಿದ್ದು, ತಲೆ ತಗ್ಗಿಸಿಕೊಂಡು. ೨೦೦೩ರ ಏಪ್ರಿಲಿನಲ್ಲಿ ಕಾರ್ಡು ಅಂಚೆಯಲ್ಲಿ ಬಂತು. ಅದೇ ವಾರ ಎರಡು ವಿಸಿಆರ್ ಜೋಡಿಸಿಕೊಂಡು ಕೂತು, ತಂಡದ ತುಣುಕು, ತಾಯಿಯ ತುಣುಕು, ಮತ್ತೆ ತಂಡದ್ದು, ಮತ್ತೆ ತಾಯಿಯದು ಎಂದು ಹೆಣೆದು ಒಂದು ಪಂದ್ಯವನ್ನು ಇಡಿಯಾಗಿ ಮಾಡಿದ. ಅಲ್ಲಿಯವರೆಗೆ ಆ ಪಂದ್ಯವನ್ನು ಯಾರೂ ಇಡಿಯಾಗಿ ನೋಡಿರಲಿಲ್ಲ. ಸೀಟಿಗೆ ಮೊದಲು ಹುಲಿಯಂಥ ಮನುಷ್ಯ. ಸೀಟಿಯ ನಂತರ ಅದೇ ಅಂಗಿಯೊಳಗೆ ಯಾರೂ ಇಲ್ಲ. ಚೆಂಡು ಎದ್ದ ಕೂಡಲೇ ಮತ್ತೆ ಹುಲಿ.

ಕೋಚ್ ನಿಂತುಕೊಂಡೇ ನೋಡಿದ.

"ಇದರಲ್ಲಿ ಅವನು ತಪ್ಪು ಮಾಡಿರೋ ಒಂದು ಪ್ಲೇ ತೋರಿಸು."

ಅಂಥದ್ದು ಒಂದೂ ಇರಲಿಲ್ಲ.

"ಹಾಗಾದ್ರೆ ನೀನು ತೋರಿಸ್ತಿರೋದೇನು? ಒಬ್ಬ ಮನುಷ್ಯ ನಿಂತ್ಕೊಂಡಿದಾನೆ. ಎಲ್ಲರೂ ನಿಂತ್ಕೋತಾರೆ."

ತಂಡದ ಡಾಕ್ಟರ್ ಉಲ್ಲಾಸನನ್ನು ಕರೆಸಿ ಮೂರು ಪ್ರಶ್ನೆ ಕೇಳಿದ. ತಿಂಗಳು ಯಾವುದು, ಊರು ಯಾವುದು, ಹೋದ ಪಂದ್ಯ ಯಾರು ಗೆದ್ದರು. ಆರು ವರ್ಷದಿಂದ ಅವೇ ಮೂರು, ಅದೇ ಕ್ರಮದಲ್ಲಿ. ಉಲ್ಲಾಸ್ ಎರಡನೇ ಉತ್ತರವನ್ನು ಡಾಕ್ಟರ್ ಬಾಯಿ ತೆರೆಯುವ ಮೊದಲೇ ಹೇಳಿದ: "ಹ್ಯೂಸ್ಟನ್." ಡಾಕ್ಟರ್ ನಕ್ಕು, ಊರು ಬದಲಾಯಿಸಿದವರಿಗೆ ಹೀಗೇ ಆಗುತ್ತದೆ ಎಂದು ಸಹಿ ಹಾಕಿದ. ಹಯಗ್ರೀವನ ಪ್ಯಾನಸಾನಿಕ್ ಇನ್ನು ಗೋಪುರ ಹತ್ತಕೂಡದೆಂದು ಅಪ್ಪಣೆಯಾಯಿತು. ಆ ಡಾಕ್ಟರು ಈಗಲೂ ಎಲ್ಲೋ ಕೂತು ಯಾರದೋ ಮಗನಿಗೆ ಆ ಮೂರು ಪ್ರಶ್ನೆ ಕೇಳುತ್ತಿರುತ್ತಾನೆ.

ಉಳಿದದ್ದು ಒಂದೇ ದಾರಿ. ಜೂನ್ ತಿಂಗಳ ಭಾನುವಾರ, ಬೆಳಗಿನ ಹತ್ತು ಗಂಟೆ, ಅರ್ವಿಂಗಿನ ಅಪಾರ್ಟ್‌ಮೆಂಟು. ಹಯಗ್ರೀವ ಹೆಣೆದ ಟೇಪು ಹಾಕಿದ. ಉಲ್ಲಾಸ್ ಅಭ್ಯಾಸಬಲದಿಂದ ಪ್ಯಾಡು, ಪೆನ್ಸಿಲ್ ತಂದು ಕೂತ. ಟೇಪು ಎಂದರೆ ಅವರಿಗೆ ಅಂಕ ಹಾಕುವ ಕೆಲಸ. ಮೊದಲ ತುಣುಕಿಗೆ ಸರಿ ಗುರುತು. ಸೀಟಿ ಆಯಿತು, ಟೇಪು ನಿಲ್ಲಲಿಲ್ಲ. ಅವನ ಪೆನ್ಸಿಲ್ ನಿಂತಿತು.

"ಅಂಕಲ್, ನನ್ನ ನಂಬರ್ ಯಾರಿಗೋ ಕೊಟ್ಟಿದಾರಾ?" ಎಂದು ಇಂಗ್ಲಿಷಿನಲ್ಲಿ ಕೇಳಿದ. ಇನ್ನೆರಡು ತುಣುಕು ನೋಡಿದ. ಮುಂದಕ್ಕೆ ಬಾಗಿದ. "ದಿಸ್ ಗೈ ಈಸ್ ಹರ್ಟ್. ಕಾಲು ನೋಡಿ, ನೆಲ ಎಲ್ಲಿದೆ ಅಂತ ಅವನಿಗೆ ಗೊತ್ತಿಲ್ಲ. ಕಣ್ಣು ನೋಡಿ. ಯಾಕೆ ಆಡಿಸ್ತಿದಾರೆ ಇವನ್ನ? ಯಾರಾದ್ರೂ ಹೊರಗೆ ಕರ್ಕೊಂಡು ಬರಬೇಕು, ಈಗಲೇ. ಅಂಕಲ್, ಸಾಯ್ತಾನೆ ಇವನು."

ಡಾಕ್ಟರಿಗೆ, ಕೋಚಿಗೆ, ನಾನೂರು ಜನ ಕನ್ನಡಿಗರಿಗೆ ಕಾಣದೇ ಹೋದದ್ದು ಇವನಿಗೆ ಎರಡು ನಿಮಿಷದಲ್ಲಿ ಕಂಡಿತು.

ಸುಮಿತ್ರವ್ವ ಮಗನ ಮೊಣಕಾಲ ಮೇಲೆ ಕೈ ಇಟ್ಟರು. "ಅದು ನೀನಪಾ."

ಅವನು ಪರದೆ ನೋಡಿದ, ತಾಯಿಯನ್ನು ನೋಡಿದ. ಎದ್ದು ಕಿಟಕಿಗೆ ಹೋಗಿ ತುಂಬ ಹೊತ್ತು ಬೆನ್ನು ತೋರಿಸಿ ನಿಂತ. ಅಷ್ಟು ದೊಡ್ಡ ಬೆನ್ನು ಅಲುಗುವುದನ್ನು ನೋಡಲಾಗಲಿಲ್ಲ ಎಂದ ಹಯಗ್ರೀವ. ಆಮೇಲೆ ತಿರುಗಿ, "ಓಕೆ, ಅವ್ವಾ. ಐ ಆಮ್ ಡನ್. ಐ ವೋಂಟ್ ಗೋ ಟುಮಾರೋ" ಎಂದ. ಸುಮಿತ್ರವ್ವ ಅವತ್ತು ಹೋಳಿಗೆ ಮಾಡಿದರು.

ಮರುದಿನ ಬೆಳಗ್ಗೆ ಆರಕ್ಕೆ ಅವನು ಸ್ನಾನ ಮಾಡಿ, ಹಸಿರು ಕಿಟ್ ಬ್ಯಾಗು ಹೆಗಲಿಗೇರಿಸಿ ಬಾಗಿಲಲ್ಲಿ ನಿಂತಿದ್ದ. "ಐ ಆಮ್ ಲೇಟ್, ಅವ್ವಾ. ಬೈ."

ಸುಮಿತ್ರವ್ವ ಮೊದಲು ಬೈದರು. ನಿನ್ನೆ ಕೊಟ್ಟ ಮಾತು ಏನಾಯಿತೆಂದು ಕೂಗಾಡಿದರು. ಅವನ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದರು. ಯಾವ ಮಾತು ಎಂದು ಅವನು ನಿಜವಾಗಿ ಕೇಳುತ್ತಿದ್ದ. ಕೈ ಹಿಡಿದು ಕೂರಿಸಿ ಟೇಪು ಹಾಕಿದರು. ಅವನು ಪ್ಯಾಡು, ಪೆನ್ಸಿಲ್ ತಂದ. ನಿನ್ನೆಯ ಹಾಳೆ ಅದರಲ್ಲೇ ಇತ್ತು. ಅದನ್ನು ಮಗುಚಿ ಹೊಸ ಹಾಳೆ ತೆರೆದ.

"ಅವ್ವಾ, ನನ್ನ ನಂಬರ್ ಯಾರಿಗೋ ಕೊಟ್ಟಿದಾರಾ?"

ಅದರ ಮರುದಿನವೂ. ಅದರ ಮರುದಿನವೂ. ಅದೇ ಜಾಗದಲ್ಲಿ ಪೆನ್ಸಿಲ್ ನಿಲ್ಲುತ್ತಿತ್ತು, ಅದೇ ಮಾತು, ಈ ಮನುಷ್ಯನನ್ನು ಹೊರಗೆ ಕರೆದು ತನ್ನಿ ಎಂಬ ಅದೇ ಆತುರ. ಆಮೇಲೆ 'ಅದು ನೀನಪಾ'. ಆಮೇಲೆ ಕಿಟಕಿ. ಎರಡು ವಾರ ಪ್ರಾಕ್ಟೀಸಿಗೆ ಬಾರದವನನ್ನು ತಂಡ ಒಂದು ಪ್ಯಾರಾದ ಕಾಗದದಲ್ಲಿ ಬಿಡುಗಡೆ ಮಾಡಿತು. ಮುಂದಿನ ವರ್ಷ ಲೀಗೇ ಮುಚ್ಚಿತು. ಆ ಬೆಳಗಿನ ಆರು ಗಂಟೆ ಮಾತ್ರ ಮುಚ್ಚಲಿಲ್ಲ.

೨೦೦೪ರಲ್ಲಿ ತಾಯಿ ಮಗ ಆಸ್ಟಿನ್ನಿಗೆ, ಹರ್ಷಿಣಿಯ ಮನೆಗೆ ಹೋದರು. ಅವಳಿಗೆ ಅಷ್ಟರಲ್ಲಿ ಕೆಲಸ ಸಿಕ್ಕಿ, ಊರಿನ ಉತ್ತರಕ್ಕೆ ಸಣ್ಣ ಮನೆ ಕೊಂಡಿದ್ದಳು. ಅಲ್ಲಿಯ ದೊಡ್ಡ ಡಾಕ್ಟರುಗಳು ಮಿದುಳಿನ ಚಿತ್ರ ತೆಗೆದು ಉದ್ದುದ್ದ ಹೆಸರು ಹೇಳಿದರು. ಹೆಸರಿಟ್ಟರು, ಅಷ್ಟೇ.

"ಅವ್ವಾ, ಆ ಬ್ಯಾಗ್ ಬಚ್ಚಿಡು. ದಿನಾ ದಿನಾ ಯಾಕೆ ತೋರಿಸ್ತೀಯ ಅವನಿಗೆ?" ಎಂದಳು ಹರ್ಷಿಣಿ.

ಬಚ್ಚಿಟ್ಟು ನೋಡಿದರು. ಅವನು ಮನೆಯೆಲ್ಲ ಹುಡುಕಿ, ಸಿಗದೆ, ಬರಿಗಾಲಲ್ಲಿ ರಸ್ತೆಗಿಳಿದು, ತಂಡದ ಬಸ್ಸಿಗಾಗಿ ಹೈವೇ ಪಕ್ಕ ನಿಂತಿದ್ದ. ಪೊಲೀಸರು ಕರೆತಂದರು. ಬ್ಯಾಗು ಮತ್ತೆ ಬಾಗಿಲ ಬಳಿ ಬಂತು. ಟೇಪು ಮತ್ತೆ ಮಷೀನಿಗೆ.

ಹಯಗ್ರೀವ ಈಗ ಡಲ್ಲಾಸ್ ಹೊರವಲಯದ ಪ್ರಾಸ್ಪರಿನ ಹೊಸ ಬಡಾವಣೆಯಲ್ಲಿ ಮನೆ ಮಾರುವವರಿಗೆ ವಿಡಿಯೋ ಮಾಡಿಕೊಡುತ್ತಾನೆ. ಖಾಲಿ ಕೋಣೆಗಳ ವಿಡಿಯೋ. ತಿಂಗಳಿಗೊಮ್ಮೆ ನಾಲ್ಕು ಗಂಟೆ ಡ್ರೈವ್ ಮಾಡಿ ಆಸ್ಟಿನ್ನಿಗೆ ಹೋಗಿ, ಒಂದು ರಾತ್ರಿ ಇದ್ದು ಬರುತ್ತಾನೆ. ಟೇಪು ಸವೆದಿದ್ದರೆ ಹೊಸ ಕಾಪಿ ಮಾಡಿ ಕೊಡುತ್ತಾನೆ. ಒಮ್ಮೆ ಸುಮಿತ್ರವ್ವ ಅವನಿಗೆ ಹೇಳಿದರಂತೆ: "ಜನಾ ಮಗಗ ಕೆಟ್ಟ ಸುದ್ದಿ ಒಂದ ಸಾರಿ ಹೇಳ್ತಾರ್ರಿ. ನಾ ದಿನಾ ಹೇಳ್ತೀನಿ. ದಿನಾ ಅವಗ ಹೊಸಾದು. ನನಗ ಹಳೇದಾಗವಲ್ದು."

೨೦೦೬ರ ಅಕ್ಟೋಬರ್. ಹಯಗ್ರೀವ ಅಲ್ಲೇ ಇದ್ದ ಒಂದು ಬೆಳಗ್ಗೆ. ಆರು ದಾಟಿತು. ಆರೂವರೆ. ಸುಮಿತ್ರವ್ವ ಟೇಪು ಹಾಕಿ, ರಿಮೋಟ್ ಹಿಡಿದು ಕೂತಿದ್ದರು. ಏಳಕ್ಕೆ ಉಲ್ಲಾಸ್ ಕೋಣೆಯಿಂದ ಬಂದ. ಬಾಗಿಲ ಬಳಿ ಹಸಿರು ಬ್ಯಾಗು ಇತ್ತು. ದಾರಿಗೆ ಅಡ್ಡ ಇಟ್ಟ ಯಾರದೋ ಸಾಮಾನಿನ ಹಾಗೆ ಅದನ್ನು ಸುತ್ತು ಹಾಕಿ, ಟೇಬಲ್ಲಿಗೆ ಬಂದು ಕೂತ. ಹರ್ಷಿಣಿ ಉಪ್ಪಿಟ್ಟು ಹಾಕಿ ಕೊಟ್ಟಳು. ತಿನ್ನತೊಡಗಿದ.

"ಉಲ್ಲಾಸಾ," ಎಂದರು ಸುಮಿತ್ರವ್ವ. "ಟೇಪ್ ನೋಡೂಣೇನು?"

"ವಾಟ್ ಟೇಪ್?"

"ಆಟದ್ದು."

"ಹೂಸ್ ಗೇಮ್?" ಸುಮ್ಮನೆ ಕೇಳಿದ, ಬಾಯಲ್ಲಿ ಉಪ್ಪಿಟ್ಟು ಇಟ್ಟುಕೊಂಡು. ಯಾರ ಕಡೆಯೂ ನೋಡಲಿಲ್ಲ.

ಹರ್ಷಿಣಿ ಒಲೆ ಆರಿಸಿದಳು. ಇನ್ನು ಅವನು ಮೈದಾನಕ್ಕೆ ಹೋಗುವುದಿಲ್ಲ. ನಾಲ್ಕು ವರ್ಷದ ಹಿಂದೆ ಪಾರ್ಕಿಂಗ್ ಲಾಟಿನಲ್ಲಿ ತಾಯಿ ಕೇಳಿದ್ದು ಸಿಕ್ಕಿತ್ತು. ಸುಮಿತ್ರವ್ವ ಎದ್ದು, ಮಷೀನಿನಿಂದ ಟೇಪು ತೆಗೆದು, ಏನು ಮಾಡಬೇಕೆಂದು ತಿಳಿಯದೆ ಸೆರಗಿನಲ್ಲಿ ಹಿಡಿದುಕೊಂಡರು.

ಉಲ್ಲಾಸ್ ಚಮಚ ಕೆಳಗಿಟ್ಟು ತನ್ನ ಎಡಗೈ ನೋಡಿಕೊಳ್ಳುತ್ತಿದ್ದ. ಕಿರುಬೆರಳು ಎರಡು ಕಡೆ ಮುರಿದು, ಹೊರಕ್ಕೆ ಸೊಟ್ಟಗೆ ಕೂಡಿಕೊಂಡಿದೆ. ಚೆಂಡು ಹಿಡಿಯುವವರ ಬೆರಳು.

"ಅವ್ವಾ, ಹೌ ಡಿಡ್ ಐ ಬ್ರೇಕ್ ದಿಸ್?"

ಸುಮಿತ್ರವ್ವ ಹಯಗ್ರೀವನ ಕಡೆ ನೋಡಿದರು. ಅವನು ಕಾಫಿಯ ಲೋಟ ನೋಡುತ್ತಿದ್ದ.

"ಕಾರಿನ ಬಾಗಲದಾಗ ಸಿಕ್ಕಿತ್ತಪಾ," ಎಂದರು. "ಸಣ್ಣಾಂವ ಇದ್ದಾಗ."

"ಅತ್ನಾ ನಾನು?" ಈ ಸಲ ಅವನು ಕನ್ನಡದಲ್ಲಿ ಕೇಳಿದ.

"ಇಲ್ಲ. ನೀ ಅಳಲಿಲ್ಲ."

ಅವನು ತಲೆಯಾಡಿಸಿ, ತಟ್ಟೆ ಮುಂದಕ್ಕೆ ತಳ್ಳಿ, ಇನ್ನೊಂದು ಸ್ವಲ್ಪ ಉಪ್ಪಿಟ್ಟು ಕೇಳಿದ.